ಮುತ್ತು, ಮುಳುಗುಗಾರ ಮತ್ತು ದೋಣಿ: ಮನ್ನಾರ್ ಕೊಲ್ಲಿಯ ಮುತ್ತಿನ ಸುಗ್ಗಿಯ ಸಾಹಿತ್ಯಕ ನಿರೂಪಣೆಗಳು

ರಾಜಶೇಖರನು 'ಕಾವ್ಯಮೀಮಾಂಸೆ'ಯಲ್ಲಿ ಕವಿಸಮಯಗಳನ್ನು ವಿವರಿಸುವಾಗ, ಲೋಕದಲ್ಲಿ ಹಲವೆಡೆ ಇದ್ದರೂ ಕಾವ್ಯದಲ್ಲಿ ಒಂದೇ ಎಡೆಯಲ್ಲಿ ಇರಬೇಕಾದ ವಸ್ತುಗಳನ್ನು ಹೆಸರಿಸುತ್ತಾನೆ. ಮೊಸಳೆ ಸಮುದ್ರದಲ್ಲಿ ಮಾತ್ರ, ಮುತ್ತು ತಾಮ್ರಪರ್ಣಿಯಲ್ಲಿ ಮಾತ್ರ. ತಾಮ್ರಪರ್ಣಿ ಮನ್ನಾರ್ ಕೊಲ್ಲಿಯನ್ನು ಸೇರುವ ನದಿ. ಅದರ ಮುಖದಲ್ಲಿಯೇ ಪಾಂಡ್ಯರ ಹಳೆಯ ರೇವು ಕೊರ್ಕೆ ಇತ್ತು. ಕೌಟಿಲ್ಯನ ಅರ್ಥಶಾಸ್ತ್ರವು ಮುತ್ತಿನ ಜಾತಿಗಳನ್ನು ಎಣಿಸುವಾಗ ತಾಮ್ರಪರ್ಣಿಕ, ಪಾಂಡ್ಯಕವಾಟಕ ಎಂಬ ಹೆಸರುಗಳನ್ನು ಹೇಳುತ್ತದೆ. ಕಾಳಿದಾಸನ ರಘು ದಿಗ್ವಿಜಯಕ್ಕೆ ಹೊರಟಾಗ ಪಾಂಡ್ಯರು ಅವನಿಗೆ ಕಪ್ಪವಾಗಿ ಒಪ್ಪಿಸುವುದು ಈ ನದಿ ಸಮುದ್ರವನ್ನು ಕೂಡುವಲ್ಲಿ ದೊರೆತ ಮುತ್ತುಗಳನ್ನೇ. ಹೀಗೆ ಕಾವ್ಯವು ಸ್ಥಳವನ್ನು ಚೆನ್ನಾಗಿ ಬಲ್ಲದು. ಕಾವ್ಯ ಅರಿಯದಿರುವುದು, ಅಥವಾ ಅರಿತೂ ಆಡದಿರುವುದು, ಆ ಸ್ಥಳದಲ್ಲಿ ಮುತ್ತನ್ನು ಮೇಲಕ್ಕೆ ತಂದವರು ಯಾರೆಂಬುದನ್ನು.

ಈ ಮೌನಕ್ಕೆ ಒಂದು ಸುಂದರ ಆವರಣವೂ ಸಿದ್ಧವಾಗಿದೆ. ಸ್ವಾತಿಯ ಮಳೆಹನಿ ಕಡಲ ಸಿಂಪಿನೊಳಗೆ ಬಿದ್ದು ಮುತ್ತಾಗುತ್ತದೆ ಎಂಬ ನಂಬಿಕೆಯನ್ನು ಭರ್ತೃಹರಿಯಿಂದ ಮೊದಲ್ಗೊಂಡು ನಮ್ಮ ಊರಿನ ಅಜ್ಜಿಯರವರೆಗೆ ಎಲ್ಲರೂ ಬಳಸಿದ್ದಾರೆ. ಸತ್ಸಂಗದ ಫಲವನ್ನು ಹೇಳಲು ಅದು ಒಳ್ಳೆಯ ದೃಷ್ಟಾಂತ. ಆದರೆ ಅದರ ಇನ್ನೊಂದು ಪರಿಣಾಮವನ್ನು ನಮ್ಮ ವಿಮರ್ಶೆ ಗಮನಿಸಿದಂತಿಲ್ಲ. ಮುತ್ತು ಆಕಾಶದಿಂದ ಇಳಿದು ಬರುವುದಾದರೆ ಅದು ಶ್ರಮದ ಫಲವಾಗಿ ಉಳಿಯುವುದಿಲ್ಲ. ಬಸವಣ್ಣನವರು ನುಡಿಯನ್ನು ಮುತ್ತಿನ ಹಾರಕ್ಕೆ ಹೋಲಿಸಿದಾಗಲೂ, ನಮ್ಮ ಆಡುಮಾತು 'ಮುತ್ತಿನಂಥ ಮಾತು' ಎಂದಾಗಲೂ ಮುತ್ತು ಈಗಾಗಲೇ ಪೋಣಿಸಿ ಮುಗಿದ ವಸ್ತು. ಕಾಯಕವನ್ನು ಅಷ್ಟು ನಿಷ್ಠೆಯಿಂದ ನುಡಿಯೊಳಗೆ ತಂದ ವಚನ ಪರಂಪರೆಯಲ್ಲಿಯೂ ಅಂಬಿಗರ ಚೌಡಯ್ಯನ ದೋಣಿ ಹೊಳೆಯನ್ನು ದಾಟಿಸುವ ದೋಣಿ; ಅದು ಕಡಲಿನ ದೋಣಿಯಲ್ಲ. ಒಳನಾಡಿನಲ್ಲಿ ಬೆಳೆದ ಸಾಹಿತ್ಯದಿಂದ ಅದನ್ನು ನಿರೀಕ್ಷಿಸುವುದೂ ನ್ಯಾಯವಲ್ಲ. ಆದರೂ ಒಂದು ಭಾಷೆ ಇಷ್ಟು ಧಾರಾಳವಾಗಿ ಬಳಸಿದ ವಸ್ತುವಿನ ಹಿಂದಿನ ದುಡಿಮೆಯ ಬಗೆಗೆ ಅದಕ್ಕೆ ಒಂದು ಪದವೂ ಇಲ್ಲದಿರುವುದು ಯೋಚಿಸತಕ್ಕ ಸಂಗತಿ.

ಪ್ರಸ್ತುತ ಲೇಖನದ ಉದ್ದೇಶ, ಮನ್ನಾರ್ ಕೊಲ್ಲಿಯ ಮುತ್ತಿನ ಸುಗ್ಗಿಯನ್ನು ಕುರಿತ ಕೆಲವು ಪಠ್ಯಗಳನ್ನು ದೋಣಿಯ ಕಡೆಯಿಂದ ಓದುವುದು. ಮುತ್ತು, ಮುಳುಗುಗಾರ, ಕಡಲು ಎಂಬ ಮೂರು ಚಿತ್ರಗಳು ಸಾಹಿತ್ಯದಲ್ಲಿ ಮತ್ತೆ ಮತ್ತೆ ಬರುತ್ತವೆ. ನಾಲ್ಕನೆಯದಾದ ದೋಣಿ ಬರುವುದು ತೀರ ವಿರಳ. ಇದು ಕೇವಲ ವಿವರದ ಕೊರತೆಯಲ್ಲ. ಮುತ್ತು ತೆಗೆಯುವುದು ಒಬ್ಬ ವ್ಯಕ್ತಿಯ ಸಾಹಸವೋ ಒಂದು ಗುಂಪಿನ ಕಸುಬೋ ಎಂಬ ಪ್ರಶ್ನೆಗೆ ಉತ್ತರ ದೋಣಿಯಲ್ಲಿದೆ.

ಆ ದೋಣಿಯಲ್ಲಿ ಏನು ನಡೆಯುತ್ತಿತ್ತೆಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸಿಂಹಳದ ಸುಗ್ಗಿಯನ್ನು ವರ್ಣಿಸಿದ ರಾಬರ್ಟ್ ಪರ್ಸಿವಲ್ ಕೊಡುವ ಲೆಕ್ಕದಂತೆ ಒಂದೊಂದು ದೋಣಿಯಲ್ಲಿ ಇಪ್ಪತ್ತು ಜನ, ಅವರ ಮೇಲೊಬ್ಬ ತಾಂಡೇಲ. ಇಪ್ಪತ್ತರಲ್ಲಿ ಹತ್ತು ಮಂದಿ ಹುಟ್ಟು ಹಾಕುವವರು, ಹಗ್ಗ ಎಳೆಯುವವರು; ಹತ್ತು ಮಂದಿ ಮುಳುಗುವವರು. ಮುಳುಗುವವರು ಐದೈದು ಜನರಾಗಿ ಸರದಿಯ ಮೇಲೆ ಇಳಿಯುತ್ತಿದ್ದರು. ರಾತ್ರಿ ಸುಮಾರು ಹತ್ತು ಗಂಟೆಗೆ ದಡದಲ್ಲಿ ತೋಪು ಹಾರಿದರೆ ದೋಣಿಗಳೆಲ್ಲ ನೆಲಗಾಳಿಯನ್ನು ಹಿಡಿದು ಹೊರಡುತ್ತಿದ್ದವು. ಬೆಳಗಾಗುವ ಮುನ್ನ ಮುತ್ತಿನ ದಿಬ್ಬಗಳನ್ನು ತಲುಪುತ್ತಿದ್ದವು. ನೀರಿನಡಿಯ ಈ ಬಂಡೆಹಾಸನ್ನು ತಮಿಳಿನಲ್ಲಿ 'ಪಾರ್' ಎನ್ನುತ್ತಾರೆ. ಅಲ್ಲಿ ಐದರಿಂದ ಹತ್ತು ಮಾರು ಆಳ. ಕೆಲಸ ನಡುಹಗಲಿನವರೆಗೆ, ಅಷ್ಟರಲ್ಲಿ ಗಾಳಿ ತಿರುಗುತ್ತದೆ, ಕಡಲಗಾಳಿಯ ಬೆನ್ನೇರಿ ದೋಣಿಗಳು ಮರಳುತ್ತವೆ. ಕೆಲಸದ ಹೊತ್ತನ್ನು ಗೊತ್ತುಮಾಡುತ್ತಿದ್ದುದು ಗಾಳಿಯೇ ಹೊರತು ಸರಕಾರದ ತೋಪಲ್ಲ. ತೋಪು ಗಾಳಿಯ ಹೊತ್ತನ್ನು ಸಾರುತ್ತಿತ್ತು, ಅಷ್ಟೆ.

ಮುಳುಗುವವನಿಗೆ ಒಂದು ಭಾರವಾದ ಕಲ್ಲು. ಅದರ ಹಗ್ಗದ ಕುಣಿಕೆಯಲ್ಲಿ ಕಾಲಿಟ್ಟು ಅವನು ತಳಕ್ಕೆ ಇಳಿಯುತ್ತಾನೆ. ತಮಿಳು ಮುಳುಗುಗಾರರು ಕೈಯಿಂದಲೇ ಮೂಗು ಮುಚ್ಚಿಕೊಳ್ಳುತ್ತಿದ್ದರು. ಪರ್ಷಿಯಾ ಕೊಲ್ಲಿಯಿಂದ ಬಂದ ಅರಬರು ಮೂಗಿಗೆ ಕೊಂಬಿನ ಚಿಮಟ ಹಾಕುತ್ತಿದ್ದರು. ತಳ ಮುಟ್ಟಿದೊಡನೆ ಕಲ್ಲನ್ನು ಬಿಟ್ಟುಬಿಡುತ್ತಾನೆ. ಮೇಲಿರುವವನು ಅದನ್ನು ಸೆಳೆದುಕೊಳ್ಳುತ್ತಾನೆ. ಒಂದು ನಿಮಿಷದ ಆಚೀಚೆಯಲ್ಲಿ ಕೈಗೆ ಸಿಕ್ಕಷ್ಟು ಸಿಂಪುಗಳನ್ನು ಬಲೆಚೀಲದಲ್ಲಿ ತುಂಬಿ ಹಗ್ಗ ಜಗ್ಗಿದರೆ ಚೀಲ ಮೇಲೇರುತ್ತದೆ, ಅವನೂ ಏರುತ್ತಾನೆ. ಹಗ್ಗ ಹಿಡಿದು ನಿಂತವನನ್ನು ವಸಾಹತು ಕಾಲದ ದಾಖಲೆಗಳು 'ಮಂಡಕ್' ಎಂದು ಕರೆಯುತ್ತವೆ. ನೀರಿನಡಿಯ ಮನುಷ್ಯನಿಗೂ ಗಾಳಿಯ ಲೋಕಕ್ಕೂ ಇರುವ ಏಕೈಕ ಸಂಬಂಧ ಇವನ ಅಂಗೈ. ಮುಳುಗುವವನು ತನ್ನ ಪಾಲಿನಿಂದಲೇ ಇವನಿಗೆ ಕೊಡಬೇಕಾಗಿತ್ತು. ನಾವು ಮುಂದೆ ನೋಡಲಿರುವ ಕೃತಿಗಳಲ್ಲಿ ಮುಳುಗುವವನಿಗಾಗಿ ಮರುಗುವವರು ಹಲವರಿದ್ದಾರೆ. ಹಗ್ಗ ಹಿಡಿದವನನ್ನು ಕಂಡವರು ಬಹುತೇಕ ಯಾರೂ ಇಲ್ಲ.

ತಮಿಳಿನ ಸಂಗಂ ಕವಿಗಳು ಈ ಕರಾವಳಿಯವರೇ ಅಥವಾ ಇದರ ನೆರೆಯವರು. ಅವರಲ್ಲಿ ಕೊರ್ಕೆಯ ಮುತ್ತು ಪಾಂಡ್ಯರ ಸಿರಿಯ ಗುರುತಾಗಿಯೂ ನಾಯಕಿಯ ಹಲ್ಲಿಗೆ ಉಪಮಾನವಾಗಿಯೂ ಬರುತ್ತದೆ. 'ಅಗನಾನೂರು' ಸಂಕಲನದ ಒಂದು ಪದ್ಯದಲ್ಲಿ ಅಲೆಗಳು ತಂದು ಚೆಲ್ಲಿದ ಮುತ್ತುಗಳು ಕೊರ್ಕೆಯ ದಂಡೆಯಲ್ಲಿ ನಡೆಯುವ ಕುದುರೆಗಳ ಗೊರಸಿಗೆ ಸಿಲುಕುತ್ತವೆ. ಸಮೃದ್ಧಿಯ ಇಂಥ ಚಿತ್ರ ಬೇರೆ ಸಿಕ್ಕುವುದು ಕಷ್ಟ. ಆದರೆ ಇಲ್ಲಿಯೂ ಮುತ್ತನ್ನು ತರುವುದು ಅಲೆ. ಸ್ವಾತಿಯ ಹನಿ ಮೇಲಿನಿಂದ ಮಾಡಿದ ಕೆಲಸವನ್ನು ಇಲ್ಲಿ ಅಲೆ ಪಕ್ಕದಿಂದ ಮಾಡುತ್ತದೆ. ಹೆಚ್ಚುಕಡಿಮೆ ಇದೇ ಯುಗದ ಗ್ರೀಕ್ ನಾವಿಕ ಕೈಪಿಡಿ 'ಪೆರಿಪ್ಲಸ್' ಒಂದೇ ಮಾತಿನಲ್ಲಿ ಬೇರೊಂದು ಸುದ್ದಿ ಕೊಡುತ್ತದೆ: ಕೊಲ್ಖಿಯ ಮುತ್ತಿನ ದಿಬ್ಬಗಳಲ್ಲಿ ದುಡಿಯುವವರು ಶಿಕ್ಷೆಗೆ ಗುರಿಯಾದ ಅಪರಾಧಿಗಳು. ಈ ಎರಡು ಪಠ್ಯಗಳನ್ನು ಅಕ್ಕಪಕ್ಕ ಇಟ್ಟು ಓದುವುದು ಅಗತ್ಯ. ಕವಿ ಸುಳ್ಳು ಹೇಳಿದನೆಂದಲ್ಲ; ಅಳೆದು ಕೊಳ್ಳಲು ಬಂದ ವ್ಯಾಪಾರಿಗೆ ಕಂಡ ಕೈಗಳು, ಹೊಗಳಲು ಕುಳಿತ ಕವಿಗೆ ಕಾಣಲಿಲ್ಲ.

ಮಾರ್ಕೊ ಪೋಲೊ ಹದಿಮೂರನೆಯ ಶತಮಾನದ ಕೊನೆಯಲ್ಲಿ ಕೊಡುವ ವರ್ಣನೆ ಕಸುಬಿಗೆ ಹೆಚ್ಚು ಹತ್ತಿರ. ವರ್ತಕರು ಕೂಡಿ ಬಂಡವಾಳ ಹಾಕುವುದು, ಆಳುಗಳನ್ನು ಗೊತ್ತುಮಾಡುವುದು, ದೊಡ್ಡ ಹಡಗಿನಿಂದ ಚಿಕ್ಕ ದೋಣಿಗಳಿಗೆ ಇಳಿಯುವುದು ಎಲ್ಲವನ್ನೂ ಅವನು ಹೇಳುತ್ತಾನೆ. ಅರಸನಿಗೆ ಹತ್ತರಲ್ಲೊಂದು ಪಾಲು. ಕಡಲಿನ ಕ್ರೂರ ಮೀನುಗಳನ್ನು ಮಂತ್ರದಿಂದ ಕಟ್ಟುವವರಿಗೆ ಇಪ್ಪತ್ತರಲ್ಲೊಂದು ಪಾಲು. ಈ ಮಂತ್ರಗಾರನನ್ನು ತಮಿಳಿನಲ್ಲಿ 'ಕಡಲ್‌ಕಟ್ಟಿ' ಎನ್ನುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿಯೂ ಬ್ರಿಟಿಷ್ ಸರಕಾರ ಇವನನ್ನು ಸುಗ್ಗಿಯಿಂದ ಹೊರಗಿಡಲಾಗಲಿಲ್ಲ, ಏಕೆಂದರೆ ಅವನಿಲ್ಲದೆ ಯಾರೂ ನೀರಿಗಿಳಿಯುತ್ತಿರಲಿಲ್ಲ. ಮೂಢನಂಬಿಕೆಯೆಂದು ನಕ್ಕ ಅಧಿಕಾರಿಗಳೇ ಅವನ ಪಾಲನ್ನು ಲೆಕ್ಕಕ್ಕೆ ಬರೆದುಕೊಂಡರು. ಭಯವೂ ಈ ಕಸುಬಿನ ಒಂದು ಖರ್ಚು ಎಂಬುದನ್ನು ವೆನಿಸಿನ ವರ್ತಕನ ಮಗ ಸರಿಯಾಗಿ ಗುರುತಿಸಿದ್ದ.

ಇಂಗ್ಲಿಷ್ ಕಾವ್ಯದಲ್ಲಿ ಈ ಭಯ ಅನುಕಂಪವಾಗಿ ಮರುಹುಟ್ಟು ಪಡೆಯಿತು. 1820ರಲ್ಲಿ ಪ್ರಕಟವಾದ ಕೀಟ್ಸ್‌ನ 'ಇಸಬೆಲ್ಲಾ' ಕಾವ್ಯದಲ್ಲಿ ಇಟಲಿಯ ಇಬ್ಬರು ಧನಿಕ ಸಹೋದರರ ಸಂಪತ್ತಿನ ಮೂಲವನ್ನು ಹೇಳುವ ಪದ್ಯವೊಂದಿದೆ. ಸಿಂಹಳದ ಮುಳುಗುಗಾರ ಉಸಿರು ಕಟ್ಟಿ ಬೆತ್ತಲೆಯಾಗಿ ಶಾರ್ಕಿನೆದುರು ಇಳಿಯುವುದು, ಅವನ ಕಿವಿಯಿಂದ ನೆತ್ತರು ಚಿಮ್ಮುವುದು ಅಲ್ಲಿ ಬರುತ್ತದೆ. ಎಲ್ಲೋ ಕುಳಿತ ಲಾಭಗಾರನಿಗೂ ಎಲ್ಲೋ ಸಾಯುವ ದುಡಿಮೆಗಾರನಿಗೂ ನಡುವಿನ ತಂತಿಯನ್ನು ಕೀಟ್ಸ್ ಕಂಡದ್ದು ಸಾಮಾನ್ಯವಲ್ಲ. ಬರ್ನಾರ್ಡ್ ಷಾ ಇದರಲ್ಲಿ ಮಾರ್ಕ್ಸ್‌ನ ಮುನ್ಸೂಚನೆಯನ್ನೇ ಕಂಡ. ಆದರೆ ಮುಳುಗುಗಾರ ಅಲ್ಲಿ ಒಂಟಿ. ಅವನ ಮೇಲೆ ದೋಣಿಯಿಲ್ಲ, ಹಗ್ಗವಿಲ್ಲ, ಹೆಸರು ಹಿಡಿದು ಕೂಗುವವರಿಲ್ಲ. ಅನುಕಂಪಕ್ಕೆ ಒಬ್ಬನೇ ಸಾಕು, ಬಹುಶಃ ಒಬ್ಬನೇ ಬೇಕು. ಇಪ್ಪತ್ತು ಜನರ ಗುಂಪಿನಲ್ಲಿ ಪಾಲು, ಜಗಳ, ಸಾಲ, ತಮಾಷೆಗಳೂ ಇರುತ್ತವೆ, ಆಗ ಕರುಣೆಯ ಒಂದೇ ಶ್ರುತಿ ನಿಲ್ಲುವುದಿಲ್ಲ.

ಬಿಜೆಯ 'ಮುತ್ತಿನ ಬೆಸ್ತರು' ಗೀತನಾಟಕ 1863ರಲ್ಲಿ ಪ್ಯಾರಿಸ್ಸಿನಲ್ಲಿ ರಂಗಕ್ಕೆ ಬಂದಿತು. ಸಾಹಿತ್ಯ ಕಾರ್ಮೊ ಮತ್ತು ಕಾರೆ ಅವರದು. ಕಥೆ ಸಿಂಹಳದ್ದೆಂದು ಹೇಳಿದರೂ ಅದರೊಳಗೆ ಸಿಂಹಳವಿಲ್ಲ. ಇಬ್ಬರು ಗೆಳೆಯರು, ಒಬ್ಬ ಹೆಣ್ಣು, ಭಂಗವಾದ ವ್ರತ, ಮುತ್ತು ನೆಪಮಾತ್ರ. ಆದರೆ ಒಂದು ಸಂಗತಿ ನಮ್ಮ ಚರ್ಚೆಗೆ ಬಹಳ ಮುಖ್ಯ. ನಾಯಕಿ ಲೈಲಾ ಮುಸುಕುಧಾರಿಣಿಯಾದ ಕನ್ಯೆ. ಬಂಡೆಯ ಮೇಲೆ ಕುಳಿತು ಹಾಡಿ ಬೆಸ್ತರಿಗೆ ಕೇಡು ತಟ್ಟದಂತೆ ಕಾಯುವುದು ಅವಳ ಕರ್ತವ್ಯ. ಪ್ರವಾಸಕಥನಗಳ ಕಡಲ್‌ಕಟ್ಟಿಯೇ ಇಲ್ಲಿ ಚೆಲುವೆಯ ವೇಷ ತೊಟ್ಟು ಬಂದಿದ್ದಾನೆ ಎಂದು ನಮಗೆ ತೋರುತ್ತದೆ. ಬದಲಾವಣೆಯಲ್ಲಿ ಕಳೆದುಹೋದದ್ದು ಅವನ ಪಾಲು. ಲೈಲಾಳಿಗೆ ಒಂದು ಮುತ್ತಿನ ಆಮಿಷವನ್ನು ತೋರಿಸಲಾಗುತ್ತದೆ, ನಿಜ. ಆದರೆ ಅದು ವ್ರತದ ಬಹುಮಾನವೇ ಹೊರತು ದೋಣಿಯ ಲೆಕ್ಕದಲ್ಲಿ ದಿನವೂ ಎಣಿಸಿ ಕೊಡುವ ಸಿಂಪುಗಳಲ್ಲ. ಕಸುಬಿನ ಖರ್ಚಾಗಿದ್ದ ಭಯ ಇಲ್ಲಿ ಪ್ರೇಮದ ಅಡ್ಡಿಯಾಯಿತು. ಸಂಗೀತದ ಸೊಗಸಿಗೆ ಇದರಿಂದ ಕುಂದಿಲ್ಲ. ಆದರೆ ಬೆಸ್ತರು ಅಲ್ಲಿ ಮೇಳದವರು ಮಾತ್ರ; ಕುಣಿಯುತ್ತಾರೆ, ಕೋಪಗೊಳ್ಳುತ್ತಾರೆ, ದುಡಿಯುವುದಿಲ್ಲ.

ಇವೆಲ್ಲವುಗಳಿಗಿಂತ ಬೇರೆಯದಾಗಿ ನಿಲ್ಲುವ ಕೃತಿ ಲಿಯೊನಾರ್ಡ್ ವುಲ್ಫ್‌ನ 'ಪರ್ಲ್ಸ್ ಅಂಡ್ ಸ್ವೈನ್' ಎಂಬ ಸಣ್ಣಕಥೆ. ವುಲ್ಫ್ 1904ರಿಂದ 1911ರವರೆಗೆ ಸಿಂಹಳದ ಆಡಳಿತ ಸೇವೆಯಲ್ಲಿದ್ದವನು. 1906ರ ಸುಗ್ಗಿಯಲ್ಲಿ ಮರಿಚ್ಚುಕ್ಕಟ್ಟಿಯ ಬಿಡಾರದಲ್ಲಿ ಸ್ವತಃ ಕೆಲಸ ಮಾಡಿದವನು. ಸಿಂಪುಗಳಲ್ಲಿ ಮೂರನೆಯ ಎರಡು ಪಾಲು ಸರಕಾರಕ್ಕೆ, ಒಂದು ಪಾಲು ಮುಳುಗುಗಾರರಿಗೆ ಎಂಬ ವಿಭಜನೆಯನ್ನು ನಿತ್ಯವೂ ನೋಡಿದವನು. ಕಥೆ 1921ರಲ್ಲಿ ಹೋಗಾರ್ತ್ ಪ್ರೆಸ್ಸಿನ 'ಸ್ಟೋರೀಸ್ ಆಫ್ ದಿ ಈಸ್ಟ್' ಎಂಬ ಪುಟ್ಟ ಸಂಕಲನದಲ್ಲಿ ಬಂದಿತು.

ಇಂಗ್ಲೆಂಡಿನ ಹೋಟೆಲೊಂದರ ಧೂಮಪಾನದ ಕೋಣೆಯಲ್ಲಿ, ಪೂರ್ವದೇಶಗಳನ್ನು ಎಂದೂ ನೋಡದ ಹಣದ ದಲ್ಲಾಳಿಯೂ ಪಾದ್ರಿಯೂ ಆ ದೇಶಗಳ ಬಗ್ಗೆ ಖಚಿತ ಅಭಿಪ್ರಾಯಗಳನ್ನು ಹೇಳುತ್ತಿರುತ್ತಾರೆ. ಅಲ್ಲಿದ್ದು ಬಂದ ಮಾಜಿ ಅಧಿಕಾರಿಯೊಬ್ಬ ಅವರಿಗೆ ಒಂದು ಸುಗ್ಗಿಯ ಕಥೆ ಹೇಳುತ್ತಾನೆ. ಮರಳುಗಾಡಿನಂಥ ದಂಡೆಯಲ್ಲಿ ರಾತ್ರೋರಾತ್ರಿ ಎದ್ದ ಊರು. ಕೊಳೆಯುವ ಸಿಂಪುಗಳ ನಾತ, ನೊಣ. ಇದು ಉತ್ಪ್ರೇಕ್ಷೆಯಲ್ಲ: ಸಿಂಪಿನ ಮಾಂಸ ಬಿಸಿಲಿಗೆ ದಿನಗಟ್ಟಲೆ ಕೊಳೆತು ಹುಳುಗಳು ತಿಂದ ಮೇಲೆ ಉಳಿದುದನ್ನು ತೊಟ್ಟಿಗಳಲ್ಲಿ ತೊಳೆದು ಮುತ್ತನ್ನು ಆಯುವುದೇ ಅಲ್ಲಿನ ಕ್ರಮವಾಗಿತ್ತು. ಬಿಡಾರದಲ್ಲಿ ಬಿಳಿಯನೊಬ್ಬ ಕುಡಿತದ ಸನ್ನಿಯಲ್ಲಿ ತಾನು ಮಾಡಿದ ಪಾಪಗಳನ್ನು ಅರಚುತ್ತ ಸಾಯುತ್ತಾನೆ. ಅದೇ ಹೊತ್ತಿಗೆ ಅರಬರ ದೋಣಿಯೊಂದು ಸತ್ತ ಮುಳುಗುಗಾರನನ್ನು ದಡಕ್ಕೆ ತರುತ್ತದೆ. ಅವನ ಜೊತೆಯವರು ಶವವನ್ನು ಇಳಿಸಿ, ಅದರ ಸುತ್ತ ಕುಳಿತು, ಹಿರಿಯನೊಬ್ಬ ಆಡಿದ ಕೆಲವೇ ಮಾತುಗಳಲ್ಲಿ ದುಃಖವನ್ನು ತಂದುಕೊಂಡು ತೀರಿಸುತ್ತಾರೆ.

ನಾವು ನೋಡಿದ ಕೃತಿಗಳ ಪೈಕಿ ದೋಣಿಯ ಜನ ಒಂದು ಸಮುದಾಯವಾಗಿ ಕಾಣಿಸಿಕೊಳ್ಳುವುದು ಇಲ್ಲಿಯೇ. ಸತ್ತವನಿಗೆ ಅಣ್ಣತಮ್ಮಂದಿರಿದ್ದಾರೆ, ಸತ್ತ ಮೇಲೆ ಮಾಡಬೇಕಾದುದನ್ನು ಬಲ್ಲ ಹಿರಿಯನಿದ್ದಾನೆ. ಕಥೆಯ ಸಾಮರ್ಥ್ಯವನ್ನು ಒಪ್ಪಿಯೂ ಎರಡು ಆಕ್ಷೇಪಗಳನ್ನು ಎತ್ತಲೇಬೇಕು. ಮೊದಲನೆಯದು, ಅರಬರ ಗಾಂಭೀರ್ಯ ಇಲ್ಲಿ ಬಿಳಿಯನ ಪತನಕ್ಕೆ ಹಿಡಿದ ಕನ್ನಡಿ. ಅವರು ತಮಗಾಗಿ ಅಲ್ಲಿಲ್ಲ. ಎರಡನೆಯದು ಹೆಚ್ಚು ಗಂಭೀರ. ಆ ಬಿಡಾರದಲ್ಲಿ ತಮಿಳು ಪರವರಿದ್ದರು, ಕೀಳಕ್ಕರೆಯ ಮುಸಲ್ಮಾನರಿದ್ದರು. ಘನತೆಯ ಸಾವಿಗೆ ವುಲ್ಫ್ ಆರಿಸಿಕೊಂಡದ್ದು ದೂರದ ಮರುಭೂಮಿಯಿಂದ ಬಂದ ಅರಬನನ್ನು. ಅರಬನ ಸಹಜ ಔನ್ನತ್ಯ ಆ ಕಾಲದ ಇಂಗ್ಲಿಷ್ ಬರಹದ ಒಂದು ಪ್ರೀತಿಯ ಕಲ್ಪನೆ. ತಾನು ದಿನವೂ ಆಳುತ್ತಿದ್ದ ತಮಿಳನಿಗೆ ಅದನ್ನು ಹಂಚುವುದು ವುಲ್ಫ್‌ನಂಥ ಸಾಮ್ರಾಜ್ಯ ವಿರೋಧಿಗೂ ಸುಲಭವಾಗಲಿಲ್ಲ. ಶೀರ್ಷಿಕೆಯಲ್ಲಿಯೂ ಮುತ್ತು ಮರಳಿ ರೂಪಕವಾಗಿಬಿಡುತ್ತದೆ. ಮೂಗು ಕಟ್ಟಿಸುವಷ್ಟು ನಾತವನ್ನು ಬರೆದ ಕಥೆಗಾರ ಕೊನೆಗೆ ಬೈಬಲಿನ ನುಡಿಗಟ್ಟಿಗೆ ಶರಣಾದದ್ದು ಸ್ವಲ್ಪ ನಿರಾಶೆಯ ವಿಷಯ.

ಹಾಗಾದರೆ ಸಾಹಿತ್ಯ ಬಿಟ್ಟುದನ್ನು ದಾಖಲೆಗಳು ಹಿಡಿದಿವೆಯೇ? ಒಂದು ಅರ್ಥದಲ್ಲಿ ಹೌದು. ಎಡ್ಗರ್ ಥರ್ಸ್ಟನ್ 1890ರಲ್ಲಿ ಬರೆದ ಟಿಪ್ಪಣಿಗಳು, ಹರ್ಡ್‌ಮನ್ನನ ನೇತೃತ್ವದಲ್ಲಿ 1903ರಿಂದ 1906ರವರೆಗೆ ಐದು ಭಾಗಗಳಲ್ಲಿ ಬಂದ ವರದಿ, ಜೇಮ್ಸ್ ಹಾರ್ನೆಲ್ 1922ರಲ್ಲಿ ಮದರಾಸಿನ ಮೀನುಗಾರಿಕೆ ಇಲಾಖೆಗೆ ಬರೆದ ವರದಿ ಇವು ದೋಣಿಗಳನ್ನು ಎಣಿಸುತ್ತವೆ, ಆಳುಗಳನ್ನು ಎಣಿಸುತ್ತವೆ. ಹರ್ಡ್‌ಮನ್ ಸ್ವಾತಿಯ ಹನಿಯ ಜಾಗದಲ್ಲಿ ಒಂದು ಪರೋಪಜೀವಿ ಹುಳುವಿನ ಮರಿಯನ್ನು ತಂದಿರಿಸಿದ. ಅವನ ಆ ಸಿದ್ಧಾಂತ ಮುಂದೆ ಪೂರ್ತಿಯಾಗಿ ನಿಲ್ಲಲಿಲ್ಲವೆಂಬುದು ಬೇರೆ ಮಾತು. ಆದರೆ ಈ ದಾಖಲೆಗಳ ಭಾಷೆಯನ್ನೂ ಪಠ್ಯವೆಂದು ಓದಿದಾಗ ಒಂದು ಪದ ಎದ್ದು ಕಾಣುತ್ತದೆ: 'ಕಲ್ಲು'. ಸುಗ್ಗಿಯ ಹಕ್ಕುಗಳನ್ನು ಹಿಂದಿನಿಂದಲೂ ಕಲ್ಲುಗಳಲ್ಲಿ ಲೆಕ್ಕ ಹಾಕುತ್ತಿದ್ದರು. ಮದುರೆಯ ನಾಯಕರಿಗೆ ಇಷ್ಟು ಕಲ್ಲು, ರಾಮನಾಡಿನ ಸೇತುಪತಿಗಳಿಗೆ ಇಷ್ಟು, ದೇವಾಲಯಕ್ಕೆ ಇಷ್ಟು, ಪರವರ ಜಾತಿ ತಲೈವನಿಗೆ ಇಷ್ಟು. ಒಂದು ಕಲ್ಲು ಎಂದರೆ ಅದರೊಡನೆ ಮುಳುಗುವ ಮನುಷ್ಯರ ಒಂದು ದಿನದ ದುಡಿಮೆ. ಮನುಷ್ಯ ತಳದಲ್ಲಿ ಬಿಟ್ಟುಬಂದ ಕಲ್ಲು ದಫ್ತರದಲ್ಲಿ ಮನುಷ್ಯನ ಹೆಸರಾಯಿತು. ಕಾವ್ಯ ಮುಳುಗುಗಾರನನ್ನು ಅಳಿಸಿತು; ಕಂದಾಯದ ಭಾಷೆ ಅವನನ್ನು ಕಲ್ಲಾಗಿಸಿತು. ಎರಡರಲ್ಲಿ ಯಾವುದು ಹೆಚ್ಚು ಕ್ರೂರವೆಂದು ತೀರ್ಮಾನಿಸುವುದು ನಮ್ಮಿಂದಾಗದು.

1905ರ ಸುಗ್ಗಿಯಲ್ಲಿ 8 ಕೋಟಿಗೂ ಮಿಕ್ಕಿ ಸಿಂಪುಗಳು ಮೇಲೆ ಬಂದವು. ಸಿಂಹಳ ಸರಕಾರದ ಬೊಕ್ಕಸಕ್ಕೆ ಸುಮಾರು 25 ಲಕ್ಷ ರೂಪಾಯಿ. ಮರುವರ್ಷ ಸರಕಾರ ದಿಬ್ಬಗಳನ್ನು ಲಂಡನ್ನಿನ ಬಂಡವಾಳದ ಒಂದು ಕಂಪನಿಗೆ 20 ವರ್ಷಗಳ ಗುತ್ತಿಗೆಗೆ ಕೊಟ್ಟಿತು. 1907ರ ನಂತರ ಸಿಂಪು ಬರಿದಾಯಿತು, ಕಂಪನಿ ಮುಚ್ಚಿತು. ಅಲ್ಲಿ ಮುಂದಿನ ಸುಗ್ಗಿ 1925ರಲ್ಲಿ. ಕಂಪನಿಯ ನಷ್ಟದ ಬಗ್ಗೆ ಬಹಳಷ್ಟು ಕಾಗದ ಖರ್ಚಾಗಿದೆ. ಆ ನಡುವಣ ವರ್ಷಗಳಲ್ಲಿ ದೋಣಿಯವರು ಏನುಂಡರೆಂಬುದನ್ನು ತಿಳಿಯಲು ಬೇರೆ ಕಸುಬುಗಳ ದಾಖಲೆಗಳಿಗೆ, ಶಂಖ ತೆಗೆಯುವವರ, ತೋಣಿ ನಡೆಸುವವರ ಕಥೆಗೆ ಹೋಗಬೇಕು.

ಪರವರದೇ ದನಿ ಎಲ್ಲಿದೆ ಎಂಬ ಪ್ರಶ್ನೆ ಇಲ್ಲಿ ಸಹಜ. 1530ರ ದಶಕದಲ್ಲಿ ಅವರು ಪೋರ್ಚುಗೀಸರ ಆಶ್ರಯ ಪಡೆದು ಸಾಮೂಹಿಕವಾಗಿ ಕ್ರೈಸ್ತರಾದರು. ಮುತ್ತಿನ ದಿಬ್ಬಗಳ ಮೇಲಿನ ಹಿಡಿತಕ್ಕಾಗಿ ನಡೆದ ಹೋರಾಟ ಅದರ ಹಿನ್ನೆಲೆ. 1542ರಲ್ಲಿ ಬಂದ ಫ್ರಾನ್ಸಿಸ್ ಕ್ಸೇವಿಯರನ ಪತ್ರಗಳಲ್ಲಿ ಈ ಜನರನ್ನು ಬಂಡೆಗಳಿಗೆ ಅಟ್ಟಿದ 'ಬಡಗ'ರ ಪ್ರಸ್ತಾಪವಿದೆ. ಬಡಗಣವರು, ಅಂದರೆ ಉತ್ತರದವರು. ವಿಜಯನಗರದ ಹೆಸರಿನಲ್ಲಿ ಬಂದ ದಂಡು. ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಹಂಪೆಯ ಬೀದಿಯಲ್ಲಿ ಮುತ್ತು ಮಾರಿದ ವೈಭವ ಬರುತ್ತದೆ. ಆ ಮುತ್ತಿನ ಕರಾವಳಿಯವರ ನೆನಪಿನಲ್ಲಿ ಅದೇ ಸಾಮ್ರಾಜ್ಯ ಬೇರೊಂದು ಮುಖದಲ್ಲಿ ಉಳಿದಿದೆ. ಕ್ಸೇವಿಯರನ ಬರಹ ಧರ್ಮಪ್ರಚಾರಕನದು. ಅದನ್ನು ಎಚ್ಚರದಿಂದಲೇ ಓದಬೇಕು. ಆದರೂ ಓದಬೇಕು.

ತಮಿಳಿನಲ್ಲಿ ಜೋ ಡಿ'ಕ್ರೂಸ್ ಅವರ 'ಆಳಿ ಸೂಳ್ ಉಲಗು' (2004) ಮತ್ತು 'ಕೊರ್ಕೈ' (2009) ಕಾದಂಬರಿಗಳು ಬಂದ ಮೇಲೆ ಈ ಪರಿಸ್ಥಿತಿ ಬದಲಾಗಿದೆ. ಲೇಖಕರು ಅದೇ ಸಮುದಾಯದವರು. 'ಕೊರ್ಕೈ' 2013ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಸಂಗಂ ಕವಿಗಳು ಹೊಗಳಿದ ಹೆಸರನ್ನೇ ತಮ್ಮ ಬೃಹತ್ ಕಾದಂಬರಿಗೆ ಇಟ್ಟು, ತೂತ್ತುಕ್ಕುಡಿಯ ಪರವರ ಇಪ್ಪತ್ತನೆಯ ಶತಮಾನವನ್ನು ಅವರು ತುಂಬಿದ್ದಾರೆ. ಗಾಳಿಯ ಹೆಸರು, ಹಾಯಿಯ ಭಾಗಗಳು, ತೋಣಿಯೊಳಗಿನ ಮೇಲುಕೀಳು ಅಲ್ಲಿ ಕಥೆಯ ಅಲಂಕಾರವಲ್ಲ, ಅದರ ವ್ಯಾಕರಣ. ದೋಣಿಯ ಮೇಲೆ ನಿಂತು ದಂಡೆಯನ್ನು ನೋಡುವ ಬರಹ ಇದು.

ಕನ್ನಡದಲ್ಲಿ ಈ ನೋಟ ತಿರುಗುಮುರುಗಾಗಿಯೇ ಇದೆ. ಕಾರಂತರ 'ಮರಳಿ ಮಣ್ಣಿಗೆ'ಯಲ್ಲಿ ಕಡಲಿನ ಮೊರೆತ ನಿರಂತರ. ಆದರೆ ಅದು ದಂಡೆಯ ಮನೆಯಿಂದ ಕೇಳುವ ಮೊರೆತ. ಇದು ಕೃತಿಯ ದೋಷವಲ್ಲ, ಅದರ ಕುಟುಂಬದ ನೆಲೆ. ನಮ್ಮ ಕಡಲಿನಲ್ಲಿ ಮನ್ನಾರಿನಂಥ ಮುತ್ತಿನ ದಿಬ್ಬಗಳಿಲ್ಲ. ಆದರೆ ಮಂಗಳೂರು, ಮಲ್ಪೆಗಳಲ್ಲಿ ದೋಣಿಯ ಮುಖ್ಯಸ್ಥ ಇಂದಿಗೂ ತಾಂಡೇಲನೇ. ಹಾರ್ನೆಲ್ ಮದರಾಸು ಪ್ರಾಂತದ ಮೀನುಗಾರಿಕೆಯ ನಿರ್ದೇಶಕನಾಗಿದ್ದಾಗ ದಕ್ಷಿಣ ಕನ್ನಡವೂ ಅದರೊಳಗೇ ಇತ್ತು. ಭಾರತದ ದೋಣಿಗಳ ವಿನ್ಯಾಸವನ್ನು ಕುರಿತ ಅವನ 1920ರ ಪ್ರಬಂಧ ನಮ್ಮ ದೋಣಿ ಕಟ್ಟುವವರ ಪದಕೋಶವನ್ನು ಸಿದ್ಧಪಡಿಸುವವರಿಗೆ ಒಳ್ಳೆಯ ಆರಂಭವಾಗಬಲ್ಲದು.

ತೂತ್ತುಕ್ಕುಡಿಯ ಕಡೆ ಕೊನೆಯ ಸುಗ್ಗಿಗಳು 1955ರಿಂದ 1961ರವರೆಗೆ ನಡೆದವು. 1973ರಲ್ಲಿ ಅದೇ ಊರಿನ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಪ್ರಯೋಗಾಲಯದಲ್ಲಿ ಕೃಷಿಯ ಮುತ್ತು ಬೆಳೆಯಿತು. ಆ ಏಳು ವರ್ಷಗಳ ಸುಗ್ಗಿಯಲ್ಲಿ ಹಗ್ಗ ಹಿಡಿದಿದ್ದ ಹುಡುಗರು ಈಗ ಇದ್ದರೆ ಎಂಬತ್ತರ ಮೇಲಿನವರು. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ದೋಣಿಯಲ್ಲಿ ಹೋಗಿ ಚಿಪ್ಪಿಕಲ್ಲು ತೆಗೆಯುವ ಗಂಡಸರೂ ಹೆಂಗಸರೂ ಇಂದಿಗೂ ಇದ್ದಾರೆ. ಅವರ ಇಳುವರಿಯ ಲೆಕ್ಕ ಪರಿಸರ ವಿಜ್ಞಾನಿಗಳ ವರದಿಗಳಲ್ಲಿದೆ. ಅವರು ದೋಣಿಯೊಳಗೆ ಒಬ್ಬರನ್ನೊಬ್ಬರು ಕರೆಯುವ ಮಾತುಗಳು ಆ ವರದಿಗಳಲ್ಲಿ ಇಲ್ಲ.